ಅಕ್ಕನ ಮನೆಗೊಂದು ಫೋನು

ಕೊಳ್ಳುವುದೂ ಒಂದು ವಿದ್ಯೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ಮಡಕೆಯನ್ನು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ಅದರ ನಾದವನ್ನು ಕೇಳುವರು; ಎತ್ತನ್ನು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವರು; ಅಕ್ಕಿಯನ್ನು ಕೊಳ್ಳುವಾಗ ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಕಚ್ಚುವರು. ಆ ಪರೀಕ್ಷೆಗಳಲ್ಲಿ ಕೆಲವು ಬರಿಯ ನಂಬಿಕೆಗಳಾಗಿದ್ದಿರಬಹುದು. ಆದರೂ ಕೊಳ್ಳುವ ವಸ್ತು ನಾಳೆ ಯಾರ ಮನೆಯಲ್ಲಿ, ಯಾವ ಕೆಲಸಕ್ಕೆ ನಿಲ್ಲಬೇಕು ಎಂಬ ಎಣಿಕೆ ಅವುಗಳ ಹಿಂದೆ ಇದ್ದೇ ಇತ್ತು. ಕೆಸರುಗದ್ದೆಗೆ ಬೇಕಾದ ಎತ್ತು ಬೇರೆ, ಗಾಡಿಗೆ ಬೇಕಾದ ಎತ್ತು ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಇಂದು ನಾವು ಕೊಳ್ಳುವ ವಸ್ತುಗಳಲ್ಲಿ ಸ್ಮಾರ್ಟ್‌ಫೋನಿನಷ್ಟು ಸದಾ ಕೈಯಲ್ಲಿರುವುದೂ, ಆದರೂ ತಟ್ಟಿ ನೋಡಲು ಬಾರದುದೂ ಮತ್ತೊಂದಿಲ್ಲ. ಅದರ ಹೊಟ್ಟೆಯೊಳಗಿನ ಬ್ಯಾಟರಿಯಂತೂ ಕಣ್ಣಿಗೇ ಬೀಳದು. ಪೆಟ್ಟಿಗೆಯ ಮೇಲೆ ಅಚ್ಚಾದ ಒಂದು ಸಂಖ್ಯೆಯನ್ನು ನಂಬಿ ಹಣ ಕೊಟ್ಟು ಬರುತ್ತೇವೆ. ಹಾಗೆ ನಂಬಿ ನಾನು ಕೊಂಡ ಒಂದು ಫೋನಿನ ಕಥೆಯನ್ನೂ, ಅದರಿಂದ ತಡವಾಗಿ ಕಲಿತ ಪಾಠವನ್ನೂ ವಾಚಕರ ಮುಂದಿಡಬೇಕೆಂದು ಈ ಬರಹ.

ಎರಡು ದಿನದ ಫೋನು

ನನ್ನ ಅಕ್ಕ ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಳ್ಳಿಯೆಂದರೆ ಬಯಲುಸೀಮೆಯವರು ಊಹಿಸಿಕೊಳ್ಳುವಂಥ ಸಾಲುಮನೆಗಳ ಊರಲ್ಲ. ಮೂರು ಕಡೆ ಬೆಟ್ಟ, ನಡುವೆ ಅಡಿಕೆಯ ತೋಟ, ತೋಟದ ತಲೆಯ ಮೇಲೆ ಒಂದು ಮನೆ. ಹತ್ತಿರದ ನೆರೆಮನೆಗೆ ಒಂದು ಮೈಲಿ. ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಮನೆಯಲ್ಲಿ ಅಕ್ಕ, ಭಾವ ಇಬ್ಬರೇ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ನಾಡಿಗೆಲ್ಲ ಬೆಳಕು ಕೊಡತೊಡಗಿತು. ಆ ನೀರು ನಿಂತಿರುವ ತಾಲ್ಲೂಕಿನ ಹಳ್ಳಿಗಳಲ್ಲಿಯೇ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಎರಡು ಮೂರು ದಿನ ಕತ್ತಲೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಅಂಥ ಕಾಡಿನಲ್ಲಿ, ಅಂಥ ಮಳೆಯಲ್ಲಿ ಕಂಬ ಹತ್ತಿ ತಂತಿ ಕಟ್ಟುವವರ ಕಷ್ಟ ನನಗೂ ಗೊತ್ತಿದೆ. ಹೇಳಬೇಕಾದುದು ಇಷ್ಟೇ: ಆ ಮನೆಯಲ್ಲಿ ಫೋನು ವಿನೋದದ ವಸ್ತುವಲ್ಲ.

2024ರ ದೀಪಾವಳಿಗೆ ಅಕ್ಕನಿಗೊಂದು ಒಳ್ಳೆಯ ಫೋನು ಕೊಡಬೇಕೆಂದು ಮೈಸೂರಿನ ಅಂಗಡಿಯೊಂದಕ್ಕೆ ಹೋದೆ. ಬ್ಯಾಟರಿ ಚೆನ್ನಾಗಿ ಬಾಳಬೇಕು ಎಂದೆ. ಅಂಗಡಿಯ ಹುಡುಗ ಪೆಟ್ಟಿಗೆಯ ಮೇಲಿನ ಸಂಖ್ಯೆಯ ಮೇಲೆ ಬೆರಳಿಟ್ಟು, "ಆರು ಸಾವಿರ ಎಂಎಎಚ್ ಸಾರ್, ಎರಡು ದಿನ ಚಾರ್ಜರ್ ಮುಟ್ಟೋದೇ ಬೇಡ" ಎಂದ. ಕೊಂಡೆ. ಕೊಂಡದ್ದಲ್ಲದೆ, ನಾನೂ ವಿವೇಕಿಯೆಂದು ತೋರಿಸಿಕೊಳ್ಳಲು ನಾಲ್ಕು ದಿನ ನನ್ನ ಮನೆಯಲ್ಲಿಯೇ ಇಟ್ಟುಕೊಂಡು ಪರೀಕ್ಷಿಸಿದೆ. ಹುಡುಗನ ಮಾತು ಸುಳ್ಳಾಗಿರಲಿಲ್ಲ. ಒಮ್ಮೆ ತುಂಬಿಸಿದರೆ ಎರಡು ದಿನ ಧಾರಾಳವಾಗಿ ಬಂತು. ಅಕ್ಕನ ಹಳೆಯ ಸಿಮ್ಮಿನ ಜೊತೆಗೆ, ಒಂದು ಹೋದರೆ ಇನ್ನೊಂದಿರಲಿ ಎಂದು ಬೇರೊಂದು ಕಂಪನಿಯ ಸಿಮ್ಮನ್ನೂ ಹಾಕಿಸಿ, ಹಬ್ಬದ ಉಡುಗೊರೆಯಾಗಿ ಕೊಟ್ಟು ಬಂದೆ.

ಸಂಕ್ರಾಂತಿಯ ಹೊತ್ತಿಗೆ ಅಕ್ಕ, "ತಮ್ಮಾ, ಬೆಳಗ್ಗೆ ತುಂಬಿಸಿದ್ದು ದೀಪ ಹಚ್ಚುವ ಹೊತ್ತಿಗೆ ಮುಗಿದುಹೋಗುತ್ತದೆ" ಎಂದಳು. ನಾನು ಮೇಷ್ಟರ ದನಿಯಲ್ಲಿ, "ದಿನವಿಡೀ ವಿಡಿಯೋ ನೋಡಿದರೆ ಇನ್ನೇನಾಗುತ್ತದೆ ಅಕ್ಕ?" ಎಂದೆ. ಅವಳು ನಕ್ಕು, "ವಿಡಿಯೋ ನೋಡುವುದಕ್ಕೆ ಇಲ್ಲಿ ನೆಟ್‌ವರ್ಕು ಎಲ್ಲಿದೆ?" ಎಂದಳು. ರೋಗದ ಹೆಸರು ಆ ಮಾತಿನಲ್ಲಿಯೇ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ.

2025ರ ಆಷಾಢದ ಒಂದು ಸಂಜೆ ಭಾವ ತೋಟದಿಂದ ಬರುವಾಗ ಸಂಕದ ಮೇಲೆ ಜಾರಿ ಬಿದ್ದರು. ಕಾಲು ಮುರಿಯಿತು. ಕರೆಂಟು ಹೋಗಿ ಅಂದಿಗೆ ಎರಡನೆಯ ದಿನ. ಫೋನು ಹಿಂದಿನ ರಾತ್ರಿಯೇ ಸತ್ತಿತ್ತು. ಅಕ್ಕ ಭಾವನ ಮೇಲೆ ಕಂಬಳಿ ಹೊದೆಸಿ, ಕೊಡೆ ಹಿಡಿದು, ಮಳೆಯಲ್ಲಿ ಒಂದು ಮೈಲಿ ನಡೆದು ನೆರೆಮನೆಗೆ ಹೋದಳು. ಆ ಮನೆಯ ಅಜ್ಜಿಯ ಹಳೆಯ ಕೀಪ್ಯಾಡ್ ಫೋನಿನಲ್ಲಿ ಜೀವವಿತ್ತು. ಅದರಿಂದ ಜೀಪಿನವನಿಗೆ ಕರೆ ಹೋಯಿತು. ಭಾವ ನೆನೆದ ನೆಲದ ಮೇಲೆ ಮಲಗಿದ್ದು ಮೂರು ಗಂಟೆ. ಮರುದಿನ ಆಸ್ಪತ್ರೆಯಿಂದ ಯಾರದೋ ಫೋನಿನಲ್ಲಿ ಮಾತನಾಡಿದ ಅಕ್ಕ, "ಫೋನು ಸತ್ತಿತ್ತು ತಮ್ಮಾ" ಎಂದಷ್ಟೇ ಹೇಳಿದಳು. ಅದರಲ್ಲಿ ಆಕ್ಷೇಪಣೆಯ ಸೊಲ್ಲೂ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಕಣಜವೂ ಬಾಯಿಗಳೂ

ನನ್ನ ಮನೆಯಲ್ಲಿ ಎರಡು ದಿನ ಬಾಳಿದ ಫೋನು ಅಕ್ಕನ ಮನೆಯಲ್ಲಿ ಒಂದು ಹಗಲನ್ನೂ ದಾಟದೆ ಹೋದುದೇಕೆ? ಈ ಪ್ರಶ್ನೆಯನ್ನು ಹಿಡಿದು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರ ಬಳಿಗೆ ಹೋದೆ. ಕನ್ನಡದ ಮೇಷ್ಟರಿಗೆ ತಿಳಿಯುವಂತೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಎಂಎಎಚ್ ಎಂದರೆ ಮಿಲಿಆಂಪಿಯರ್-ಗಂಟೆ. 5,000 ಎಂಎಎಚ್ ಬ್ಯಾಟರಿ 500 ಮಿಲಿಆಂಪಿಯರ್ ವಿದ್ಯುತ್ತನ್ನು ಹತ್ತು ಗಂಟೆ, ಇಲ್ಲವೆ 250 ಮಿಲಿಆಂಪಿಯರನ್ನು ಇಪ್ಪತ್ತು ಗಂಟೆ ಕೊಡಬಲ್ಲದು. ಫೋನಿನ ಬ್ಯಾಟರಿಯ ವೋಲ್ಟೇಜು ಸುಮಾರು 3.8; ಎರಡನ್ನೂ ಗುಣಿಸಿದರೆ 19 ವಾಟ್-ಗಂಟೆಯಷ್ಟು ಶಕ್ತಿ. ಮನೆಯಲ್ಲಿ ಉರಿಸುವ 9 ವಾಟಿನ ಎಲ್‌ಇಡಿ ದೀಪಕ್ಕೆ ಅದು ಎರಡು ಗಂಟೆಯ ಆಹಾರ. ದಿನಕ್ಕೊಮ್ಮೆ ಫೋನು ತುಂಬಿಸಿದರೂ ತಿಂಗಳಿಗೆ ಒಂದು ಯೂನಿಟ್ ವಿದ್ಯುತ್ತು ಖರ್ಚಾಗುವುದಿಲ್ಲ. ಇಷ್ಟು ಅಲ್ಪ ಶಕ್ತಿಯಲ್ಲಿ ಲೋಕದ ವಾರ್ತೆಯನ್ನೆಲ್ಲ ಅಂಗೈಗೆ ತರುವ ಯಂತ್ರದ ಮಿತವ್ಯಯವನ್ನು ನಿಜವಾಗಿ ಮೆಚ್ಚಬೇಕು.

ಆದರೆ ಈ ಸಂಖ್ಯೆ ಹೇಳುವುದು ಕಣಜದ ಗಾತ್ರವನ್ನು ಮಾತ್ರ. ಕಣಜದ ಭತ್ತ ಎಷ್ಟು ದಿನ ಬಂದೀತು ಎಂದು ತಿಳಿಯಲು ಮನೆಯಲ್ಲಿ ಉಣ್ಣುವವರೆಷ್ಟು ಎಂಬುದನ್ನೂ ಕೇಳಬೇಕು. 2003ರಲ್ಲಿ ಬಂದ ನೋಕಿಯಾ 1100 ಎಂಬ ಫೋನು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ತಲೆಯ ಮೇಲೆ ಟಾರ್ಚು ಹೊತ್ತ ಆ ಫೋನು ಜಗತ್ತಿನಲ್ಲಿ 25 ಕೋಟಿಯಷ್ಟು ಮಾರಾಟವಾಯಿತು. ಅದರ ಬ್ಯಾಟರಿ ಕೇವಲ 850 ಎಂಎಎಚ್. ಕರೆಗಾಗಿ ಕಾಯುತ್ತ ಸುಮ್ಮನೆ ಕುಳಿತರೆ 400 ಗಂಟೆಯವರೆಗೆ ಬಾಳುವುದೆಂದು ತಯಾರಕರು ಹೇಳಿದ್ದರು. ಭಾಗಿಸಿ ನೋಡಿದರೆ ಗಂಟೆಗೆ ಎರಡು ಎಂಎಎಚ್ ಚಿಲ್ಲರೆ. ಅದರ ಏಳು ಪಾಲು ದೊಡ್ಡ ಕಣಜವುಳ್ಳ ಅಕ್ಕನ ಫೋನು ಹನ್ನೆರಡು ಗಂಟೆಯಲ್ಲಿ ಬರಿದಾಗುತ್ತಿತ್ತು. ನೆರೆಮನೆಯ ಅಜ್ಜಿಯ ಕೀಪ್ಯಾಡ್ ಫೋನು ಬದುಕಿದ್ದ ಗುಟ್ಟೂ ಇದೇ: ಕಣಜ ಸಣ್ಣದು, ಬಾಯಿಗಳೂ ಕಡಿಮೆ.

ಸ್ಮಾರ್ಟ್‌ಫೋನಿನಲ್ಲಿ ಹೆಚ್ಚು ಉಣ್ಣುವ ಬಾಯಿಗಳು ಮೂರು: ತೆರೆ, ಮಿದುಳು, ರೇಡಿಯೋ.

ತೆರೆಯ ಹಸಿವು ಎಲ್ಲರಿಗೂ ಕಾಣುವಂಥದು. ಅದು ದೊಡ್ಡದಾದಷ್ಟೂ, ಪ್ರಖರವಾದಷ್ಟೂ ಉಣಿಸು ಹೆಚ್ಚು. ಈಗಿನ ಅನೇಕ ಫೋನುಗಳ ತೆರೆ ಸೆಕೆಂಡಿಗೆ 120 ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. 60 ಬಾರಿ ಸಾಕೆಂದು ಸೆಟ್ಟಿಂಗ್ಸಿನಲ್ಲಿ ಆರಿಸಿಕೊಂಡರೆ ಓದುವವರಿಗೆ ನಷ್ಟವಿಲ್ಲ, ಬ್ಯಾಟರಿಗೆ ಲಾಭವಿದೆ. ಹಳೆಯ ಬಗೆಯ ಎಲ್‌ಸಿಡಿ ತೆರೆಯ ಹಿಂದೆ ಸದಾ ಒಂದು ದೀಪ ಉರಿಯುತ್ತಿರುತ್ತದೆ; ಅಮೋಲೆಡ್ ತೆರೆಯಲ್ಲಿ ಒಂದೊಂದು ಚುಕ್ಕೆಯೂ ತಾನೇ ದೀಪ, ಕಪ್ಪು ಬಣ್ಣವೆಂದರೆ ಆರಿದ ದೀಪ. ಆದುದರಿಂದ ಕಪ್ಪು ಹಿನ್ನೆಲೆ ಇಟ್ಟುಕೊಂಡರೆ ಬ್ಯಾಟರಿ ಬಹಳ ಉಳಿಯುವುದೆಂದು ಜನ ನಂಬುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದು ನೋಡಿದಾಗ, ಮನೆಯೊಳಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಶೇಕಡ 30ರಿಂದ 50ರ ಪ್ರಖರತೆಯಲ್ಲಿ ಉಳಿತಾಯ ಸರಾಸರಿ ಶೇಕಡ 3ರಿಂದ 9 ಮಾತ್ರ ಎಂದು ಕಂಡಿತು. ಬಿಸಿಲಿನಲ್ಲಿ ಪೂರ್ಣ ಪ್ರಖರತೆಯಲ್ಲಿ ನೋಡುವವರಿಗೆ ಮಾತ್ರ ಅದು ದೊಡ್ಡ ಉಳಿತಾಯ.

ಮಿದುಳೆಂದರೆ ಪ್ರೊಸೆಸರು. ಇದರಲ್ಲಿ ವೇಗ ಒಂದೇ ಗುಣವಲ್ಲ. ಎಷ್ಟು ಕಡಿಮೆ ಉಂಡು ಆ ಕೆಲಸ ಮಾಡುತ್ತದೆ ಎಂಬುದು ಅದಕ್ಕಿಂತ ದೊಡ್ಡ ಗುಣ. 2022ರಲ್ಲಿ ಕ್ವಾಲ್‌ಕಾಮ್ ಸಂಸ್ಥೆ ತನ್ನ ಮೇಲ್ದರ್ಜೆಯ ಚಿಪ್ಪನ್ನು ಬಹುಮಟ್ಟಿಗೆ ಅದೇ ವಿನ್ಯಾಸದಲ್ಲಿ ಬೇರೊಂದು ಕಾರ್ಖಾನೆಯಲ್ಲಿ ಮಾಡಿಸಿ, ವಿದ್ಯುತ್ತಿನ ಬಳಕೆಯಲ್ಲಿ ಶೇಕಡ 30ರಷ್ಟು ಸುಧಾರಣೆಯಾಯಿತೆಂದು ಸಾರಿತು. ಒಂದೇ ಅಡುಗೆ, ಒಲೆ ಬದಲಾದರೆ ಸೌದೆಯ ಲೆಕ್ಕವೇ ಬದಲಾಗುವುದೆಂಬುದಕ್ಕೆ ಇದು ನಿದರ್ಶನ.

ಕಿವುಡರೊಡನೆ ಮಾತು

ಮೂರನೆಯ ಬಾಯಿಯೇ ಅಕ್ಕನ ಮನೆಯ ಕಣಜವನ್ನು ಬರಿದುಮಾಡಿದ್ದು. ಫೋನು ಒಂದು ಪುಟ್ಟ ರೇಡಿಯೋ ನಿಲಯ. ನಾವು ಮಾತನಾಡದೆ ಇದ್ದಾಗಲೂ ಅದು ಆಗಾಗ ಹತ್ತಿರದ ಟವರಿನ ದನಿಗೆ ಕಿವಿಗೊಟ್ಟು, 'ಇದ್ದೇನೆ' ಎಂದು ಹೇಳುತ್ತಿರಬೇಕು. ಟವರು ಹತ್ತಿರವಿದ್ದರೆ ಪಿಸುಮಾತು ಸಾಕು. ದೂರವಿದ್ದರೆ, ನಡುವೆ ಬೆಟ್ಟವೂ ಒದ್ದೆ ಕಾಡೂ ಇದ್ದರೆ, ಕಿವುಡರೊಡನೆ ಮಾತನಾಡುವಂತೆ ಕೂಗಬೇಕು. ಸಾಮಾನ್ಯ 4ಜಿ ಫೋನು ಗಟ್ಟಿಯಾಗಿ ಕೂಗಿದಾಗ ಆಂಟೆನಾದಿಂದ ಹೊರಡುವ ಶಕ್ತಿ 200 ಮಿಲಿವಾಟಿನಷ್ಟು. ಅಷ್ಟನ್ನು ಹೊರಡಿಸಲು ಒಳಗಿನ ಮಂಡಲ ಅದರ ಹಲವು ಪಾಲನ್ನು ಉಣ್ಣುತ್ತದೆ. ಪಿಸುಮಾತಿನಲ್ಲಿಯಾದರೋ ಒಂದು ಮಿಲಿವಾಟೂ ಬೇಕಾಗದಿರಬಹುದು. ಇನ್ನು ಟವರಿನ ದನಿ ತೀರ ಕೇಳಿಸದೆ ಹೋದರೆ ಫೋನು ಸುಮ್ಮನಿರುವುದಿಲ್ಲ. ಒಂದು ತರಂಗವಲ್ಲದಿದ್ದರೆ ಇನ್ನೊಂದು ಎಂದು ಮತ್ತೆ ಮತ್ತೆ ಹುಡುಕುತ್ತದೆ.

ಈ ದನಿಯನ್ನು ಅಳೆಯಲು ಯಾವ ಉಪಕರಣವೂ ಬೇಡ. ಅನೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸಿನಲ್ಲಿ 'ಅಬೌಟ್ ಫೋನ್' ಎಂಬಲ್ಲಿ, ಸಿಮ್ಮಿನ ವಿವರದೊಳಗೆ, ಸಿಗ್ನಲಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಕೊಟ್ಟಿರುತ್ತಾರೆ. ಅದು ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಇದರಲ್ಲಿ ಪ್ರತಿ ಹತ್ತರ ಇಳಿತವೂ ಶಕ್ತಿಯಲ್ಲಿ ಹತ್ತು ಪಟ್ಟಿನ ಇಳಿತ. ಮೈಸೂರಿನ ನನ್ನ ಮನೆಯಲ್ಲಿ ಅದು ಮೈನಸ್ 82 ಇತ್ತು. ಶ್ರಾವಣದಲ್ಲಿ ಭಾವನನ್ನು ನೋಡಲು ಹೋದಾಗ ಅಕ್ಕನ ಅಡುಗೆಮನೆಯಲ್ಲಿ ನೋಡಿದೆ: ಮೈನಸ್ 113. ಬರಿಯ ಮೂವತ್ತೊಂದರ ವ್ಯತ್ಯಾಸವೆಂದು ಕಾಣುವ ಈ ಅಂತರದ ಅರ್ಥ, ನನ್ನ ಮನೆಗೆ ಬರುವ ದನಿಯ ಸಾವಿರದಲ್ಲೊಂದು ಪಾಲೂ ಅಕ್ಕನ ಒಲೆಯ ಬಳಿಗೆ ಬರುತ್ತಿಲ್ಲ ಎಂದು. ಇದರ ಮೇಲೆ, ಹೋದರೆ ಇರಲಿ ಎಂದು ನಾನು ಹಾಕಿಸಿಕೊಟ್ಟಿದ್ದ ಎರಡನೆಯ ಸಿಮ್ಮಿಗೆ ಆ ಕಣಿವೆಯಲ್ಲಿ ಟವರೇ ಇರಲಿಲ್ಲ. ಎಂಟು ತಿಂಗಳು ಆ ಸಿಮ್ಮು ಇಲ್ಲದ ಟವರನ್ನು ಹಗಲಿರುಳು ಹುಡುಕುತ್ತ ಅಕ್ಕನ ಬ್ಯಾಟರಿಯನ್ನು ತಿನ್ನುತ್ತಿತ್ತು. ಫೋನನ್ನು 5ಜಿ ಹುಡುಕುವಂತೆಯೂ ನಾನೇ ಅಣಿಮಾಡಿ ಕೊಟ್ಟಿದ್ದೆ. ಆ ಹಳ್ಳಿಗೆ 5ಜಿ ಬಂದಿರಲೇ ಇಲ್ಲ.

ಹೀಗಿರುವಾಗ ಫೋನುಗಳ ಪರೀಕ್ಷೆ ಮಾಡಿ ಬರೆಯುವವರು ಕೊಡುವ ಗಂಟೆಗಳ ಲೆಕ್ಕವನ್ನು ಹೇಗೆ ಓದಬೇಕು? ಅವರು ತೆರೆಯ ಪ್ರಖರತೆಯನ್ನು ಒಂದು ಮಟ್ಟದಲ್ಲಿ ನಿಲ್ಲಿಸಿ, ಸಾಮಾನ್ಯವಾಗಿ ವೈಫೈ ಮೂಲಕ ಪುಟಗಳನ್ನೂ ಚಿತ್ರಗಳನ್ನೂ ಓಡಿಸಿ ಅಳೆಯುತ್ತಾರೆ. ಯೂರೋಪಿನ ಒಕ್ಕೂಟ 2025ರ ಜೂನ್ 20ರಿಂದ ಅಲ್ಲಿ ಮಾರುವ ಫೋನುಗಳಿಗೆ ಒಂದು ಚೀಟಿಯನ್ನು ಕಡ್ಡಾಯಗೊಳಿಸಿದೆ. ಒಮ್ಮೆ ತುಂಬಿಸಿದರೆ ಎಷ್ಟು ಗಂಟೆ ಬಾಳುವುದು, ಬ್ಯಾಟರಿ ಎಷ್ಟು ಆವರ್ತ ತಾಳುವುದು ಎಂಬೆರಡೂ ಅದರಲ್ಲಿ ಇರುತ್ತವೆ. ಒಂದೇ ಅಳತೆಗೋಲಿನಿಂದ ಅಳೆದುದಾದ್ದರಿಂದ ಎರಡು ಫೋನುಗಳನ್ನು ಹೋಲಿಸಲು ಇವು ಬಹಳ ಉಪಯುಕ್ತ. ಪೆಟ್ಟಿಗೆಯ ಮೇಲಿನ ಎಂಎಎಚ್‌ಗಿಂತ ಎಷ್ಟೋ ಮೇಲು. ಆದರೆ ಆ ಅಳತೆ ನಡೆಯುವುದು ಪ್ರಯೋಗಶಾಲೆಯಲ್ಲಿ, ಮಳೆ ಹಿಡಿದ ಕಣಿವೆಯಲ್ಲಲ್ಲ. ಅವುಗಳಿಂದ ಯಾವ ಫೋನು ಮಿತಭೋಜಿ ಎಂದು ತಿಳಿಯಬಹುದು. ನಮ್ಮ ಮನೆಯಲ್ಲಿ ಅದು ಎಷ್ಟು ಹೊತ್ತು ಬಾಳೀತು ಎಂಬುದನ್ನು ನಾವೇ ತಿಳಿಯಬೇಕು.

ಲಾಳಿಯ ಸವೆತ

ಬಾಳಿಕೆ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಒಂದು ದಿನದ ಬಾಳಿಕೆ ಒಂದು; ವರ್ಷಗಳ ಬಾಳಿಕೆ ಇನ್ನೊಂದು. ಇಂದಿನ ಫೋನುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಯನ್ನು ರೂಪಿಸಿದುದಕ್ಕಾಗಿ 2019ರಲ್ಲಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ನೊಬೆಲ್ ಪಡೆದವರಲ್ಲಿ ಅವರೇ ಅತ್ಯಂತ ಹಿರಿಯರು. ಅವರ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು ಮಗ್ಗದ ಲಾಳಿಯಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡುತ್ತವೆ: ತುಂಬಿಸುವಾಗ ಈ ಕಡೆಗೆ, ಬಳಸುವಾಗ ಆ ಕಡೆಗೆ. ಪ್ರತಿ ಓಟದಲ್ಲಿಯೂ ಕಾಣದಷ್ಟು ಸವೆತ. ಪೂರ್ಣ ತುಂಬಿ ಪೂರ್ಣ ಬರಿದಾಗುವಷ್ಟು ಬಳಕೆಗೆ ಒಂದು ಆವರ್ತವೆಂದು ಹೆಸರು. 800 ಆವರ್ತಗಳ ಅನಂತರವೂ ಬ್ಯಾಟರಿಯಲ್ಲಿ ಮೊದಲಿನ ಶೇಕಡ 80ರಷ್ಟು ಸತ್ತ್ವ ಉಳಿದಿರಬೇಕೆಂಬುದು ಮೇಲೆ ಹೇಳಿದ ಯೂರೋಪಿನ ನಿಯಮಗಳಲ್ಲೊಂದು.

ಈ ಲೆಕ್ಕವನ್ನು ಅಕ್ಕನ ಮನೆಗೆ ಅನ್ವಯಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ದಿನಕ್ಕೊಂದು ಆವರ್ತವಾದರೆ 800 ಆವರ್ತಗಳು ಎರಡು ವರ್ಷ ಎರಡು ತಿಂಗಳಲ್ಲಿ ಮುಗಿಯುತ್ತವೆ. ಎರಡು ದಿನಕ್ಕೊಂದಾದರೆ ನಾಲ್ಕು ವರ್ಷ ದಾಟುತ್ತವೆ. ಬೇಗ ಬರಿದಾಗುವ ಫೋನು ಬೇಗ ಮುದಿಯೂ ಆಗುತ್ತದೆ. ಅದನ್ನು ಮುದಿಮಾಡುವ ಇನ್ನೊಂದು ಶತ್ರು ಬಿಸಿ. ಅಕ್ಕ ಫೋನನ್ನು ಚಾರ್ಜಿಗೆ ಇಡುತ್ತಿದ್ದುದು ಒಲೆಯ ಪಕ್ಕದ ಗೂಡಿನಲ್ಲಿ. ಮಳೆಗಾಲದಲ್ಲಿ ಅದೊಂದೇ ಒಣಜಾಗ ಎಂಬುದು ಅವಳ ನ್ಯಾಯ. ಸದಾ ನೂರಕ್ಕೆ ನೂರು ತುಂಬಿಸಿಡುವುದೂ ಬ್ಯಾಟರಿಗೆ ಹಿತವಲ್ಲವಾದ್ದರಿಂದ ಈಗಿನ ಅನೇಕ ಫೋನುಗಳು ಶೇಕಡ 80ಕ್ಕೆ ನಿಲ್ಲಿಸುವ ಏರ್ಪಾಡನ್ನು ಕೊಡುತ್ತವೆ. ಮಳೆಗಾಲದ ನಾಲ್ಕು ತಿಂಗಳು ಅದನ್ನು ತೆಗೆದಿಟ್ಟು, ಉಳಿದ ತಿಂಗಳು ಹಾಕಿಕೊಂಡರೆ ಸಾಕು.

ಕಣಜವನ್ನೇ ದೊಡ್ಡದು ಮಾಡುವ ಪ್ರಯತ್ನವೂ ನಿಂತಿಲ್ಲ. ಬ್ಯಾಟರಿಯ ಒಂದು ಬದಿಯಲ್ಲಿರುವ ಗ್ರಾಫೈಟಿನಲ್ಲಿ ಒಂದು ಲಿಥಿಯಮ್ಮಿಗೆ ಆರು ಇಂಗಾಲದ ಪರಮಾಣುಗಳ ಆಸರೆ ಬೇಕು. ಸಿಲಿಕಾನ್ ಅದೇ ತೂಕಕ್ಕೆ ಹತ್ತು ಪಟ್ಟಿನಷ್ಟು ಲಿಥಿಯಮ್ಮನ್ನು ಹಿಡಿಯಬಲ್ಲದು; ಆದರೆ ಹಿಡಿದಾಗ ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಆದುದರಿಂದ ಅದನ್ನು ಇಂಗಾಲದೊಡನೆ ಬೆರೆಸಿ ಹದಮಾಡುತ್ತಾರೆ. ಈ ಹೊಸ ಬಗೆಯ ಬ್ಯಾಟರಿಗಳಿಂದಲೇ 2025ರಲ್ಲಿ ಸಾಮಾನ್ಯ ದಪ್ಪದ ಫೋನುಗಳಲ್ಲಿಯೂ 7,000 ಎಂಎಎಚ್ ದಾಟಿದ ಸಂಖ್ಯೆಗಳು ಕಂಡುಬಂದವು.

ಎರಡನೆಯ ಆಯ್ಕೆ

2025ರ ನವರಾತ್ರಿಗೆ ಮೊದಲು ಇನ್ನೊಮ್ಮೆ ಫೋನು ಕೊಳ್ಳಲು ಹೊರಟಾಗ ನಾನು ನೇರವಾಗಿ ಅಂಗಡಿಗೆ ಹೋಗಲಿಲ್ಲ. ಮೊದಲು ಅಕ್ಕನ ಊರಿನ ಜೀಪಿನವನನ್ನೂ, ಅಲ್ಲಿಯ ಅಂಗನವಾಡಿಯ ಕಾರ್ಯಕರ್ತೆಯನ್ನೂ, ನೆರೆಮನೆಯ ಅಜ್ಜಿಯನ್ನೂ ಕೇಳಿದೆ: ನಿಮ್ಮಲ್ಲಿ ಯಾವ ಸಿಮ್ಮು ನಡೆಯುತ್ತದೆ? ಮಳೆಯಲ್ಲಿಯೂ ನಿಲ್ಲುವುದು ಯಾವುದು? ಮೂವರೂ ಒಂದೇ ಹೆಸರನ್ನು ಹೇಳಿದರು. ಅದು ಅಕ್ಕನ ಬಳಿ ಇದ್ದ ಎರಡರಲ್ಲಿ ಯಾವುದೂ ಆಗಿರಲಿಲ್ಲ. ಮೊದಲು ಸಿಮ್ಮು, ಆಮೇಲೆ ಫೋನು: ಇದು ನಾನು ಕಲಿತ ಮೊದಲ ಸೂತ್ರ.

ಎರಡನೆಯದು, ಆ ಸಿಮ್ಮಿನ ತರಂಗವನ್ನು ಹಿಡಿಯುವ ಶಕ್ತಿ ಫೋನಿಗಿದೆಯೇ ಎಂದು ನೋಡುವುದು. 700, 850, 900 ಮೆಗಾಹರ್ಟ್ಜಿನಂಥ ತಗ್ಗಿನ ತರಂಗಗಳು ಕಾಡು ಬೆಟ್ಟಗಳಲ್ಲಿ ಮೇಲಿನ ತರಂಗಗಳಿಗಿಂತ ದೂರ ಸಾಗುತ್ತವೆ. ಫೋನಿನ ವಿವರಪಟ್ಟಿಯಲ್ಲಿ ಇವು ಬ್ಯಾಂಡ್ 28, 5, 8 ಎಂಬ ಹೆಸರಿನಿಂದ ಇರುತ್ತವೆ. ಜಾಹೀರಾತಿನಲ್ಲಿ ಇದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ; ನಾವೇ ಹುಡುಕಿ ಓದಬೇಕು.

ಮೂರನೆಯದು ತುಂಬುವ ವೇಗ. ದಿನಕ್ಕೆ ಹನ್ನೆರಡು ಗಂಟೆ ಕರೆಂಟು ಇರುವವರಿಗೆ ಶೀಘ್ರ ಚಾರ್ಜು ಒಂದು ಸೌಕರ್ಯ. ಮಳೆಗಾಲದಲ್ಲಿ ಅರ್ಧ ಗಂಟೆ ಕರೆಂಟು ಬಂದು ಮತ್ತೆ ಹೋಗುವ ಮನೆಗೆ ಅದೇ ಪ್ರಾಣ. ಆ ಅರ್ಧ ಗಂಟೆಯಲ್ಲಿ ಅರ್ಧ ತುಂಬಿಕೊಳ್ಳುವ ಫೋನು, ಮೂರು ಗಂಟೆ ಬೇಡುವ ದೊಡ್ಡ ಕಣಜಕ್ಕಿಂತ ಮೇಲು. ಎಲ್ಲ ಬ್ಯಾಟರಿಗಳೂ ಮೊದಲು ಗಬಗಬನೆ ತುಂಬಿ, ಕೊನೆಯ ಭಾಗವನ್ನು ನಿಧಾನವಾಗಿ ತುಂಬಿಕೊಳ್ಳುವುದರಿಂದ ಮೊದಲ ಅರ್ಧ ಗಂಟೆಯ ಲೆಕ್ಕವನ್ನೇ ಕೇಳಬೇಕು. ಆ ವೇಗ ಬರಬೇಕಾದರೆ ತಕ್ಕ ಚಾರ್ಜರು ಬೇಕು. ಈಚೆಗೆ ಅನೇಕ ಪೆಟ್ಟಿಗೆಗಳಲ್ಲಿ ಚಾರ್ಜರು ಇರುವುದೇ ಇಲ್ಲವೆಂಬುದನ್ನು ಮರೆಯಬಾರದು.

ನಾಲ್ಕನೆಯದು, ಬ್ಯಾಟರಿ ಮುಪ್ಪಾದಾಗ ಬದಲಿಸಿಕೊಡುವವರು ಹತ್ತಿರದ ಪಟ್ಟಣದಲ್ಲಿ ಇದ್ದಾರೆಯೇ ಎಂಬುದು. ಬದಲಿಸುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿಯ ಗುರುತಿಲ್ಲದ ಅಗ್ಗದ ಬ್ಯಾಟರಿಗೆ ಆಸೆಪಡುವುದು ಅಪಾಯ. ಲಿಥಿಯಂ ಕೆಟ್ಟರೆ ಬರಿದೆ ಕೆಡುವುದಿಲ್ಲ, ಹೊತ್ತಿಕೊಳ್ಳಲೂಬಹುದು.

ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಅದೇ ಅಂಗಡಿಗೆ ಹೋದೆ. ಹುಡುಗ ಈ ಸಲ, "ಏಳು ಸಾವಿರದ್ದು ಬಂದಿದೆ ಸಾರ್" ಎಂದ. ನಾನು ಚೀಟಿಯನ್ನು ತೆಗೆದು ಬ್ಯಾಂಡುಗಳ ವಿಷಯ ಕೇಳಿದೆ. ಅವನು ತುಸು ಬೆರಗಾಗಿ, "ಇದನ್ನ ಯಾರೂ ಕೇಳಲ್ಲ ಸಾರ್" ಎಂದು ನಕ್ಕು, ಕುಳಿತು ನನ್ನೊಡನೆ ಹುಡುಕಿದ. ಕೊನೆಗೆ ಆರಿಸಿದ ಫೋನಿನ ಬ್ಯಾಟರಿ 5,500 ಎಂಎಎಚ್. ಮೊದಲಿನದಕ್ಕಿಂತ ಸಣ್ಣ ಸಂಖ್ಯೆ, ಸಣ್ಣ ತೆರೆ, ಬೆಲೆಯೂ ಕಡಿಮೆ.

ಅಕ್ಕನ ಮನೆಯಲ್ಲಿ ಫೋನು ಹಿಡಿದು ಕೋಣೆ ಕೋಣೆ ತಿರುಗಿದೆ. ಜಗಲಿಯ ಮೂಡುಗಡೆಯ ಕಿಟಕಿಯಲ್ಲಿ, ಹೊಸ ಸಿಮ್ಮಿನಲ್ಲಿ, ಮೈನಸ್ 98 ಬಂತು. ಒಲೆಯ ಗೂಡಿನಿಂದ ಫೋನಿನ ವಾಸ ಆ ಕಿಟಕಿಗೆ ಬದಲಾಯಿತು. ಎರಡನೆಯ ಸಿಮ್ಮನ್ನು ಹಾಕಲಿಲ್ಲ. 4ಜಿ ಸಾಕೆಂದು ನಿಲ್ಲಿಸಿದೆ. ಜೊತೆಗೆ ಒಂದು 4ಜಿ ಕೀಪ್ಯಾಡ್ ಫೋನನ್ನು ಬೇರೆ ಸಿಮ್ಮಿನೊಡನೆ ಆರಿಸಿ ಬೀರುವಿನಲ್ಲಿ ಇರಿಸಿ, ತಿಂಗಳಿಗೊಮ್ಮೆ ತುಂಬಿಸಿಡುವಂತೆ ಹೇಳಿದೆ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಯಾವ ಫೋನಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಜೀಪಿನವನು ಮಳೆಗಾಲದಲ್ಲಿ ದಿನಕ್ಕೊಮ್ಮೆ ಆ ದಾರಿಯಲ್ಲಿ ಹಾದು ಹೋಗುವ ಮಾತನ್ನೂ ಕೊಟ್ಟಿದ್ದಾನೆ. ಯಂತ್ರದ ಭರವಸೆ ಮುಗಿಯುವಲ್ಲಿ ಮನುಷ್ಯರ ಭರವಸೆ ಇರಲೇಬೇಕು.

ಕಾರ್ತಿಕದಲ್ಲಿ ಅಕಾಲದ ಮಳೆ ಬಂದು ಒಂದೂವರೆ ದಿನ ಕರೆಂಟು ಹೋಯಿತು. ಎರಡನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಹೆದರುತ್ತಲೇ ಕರೆ ಮಾಡಿದೆ. ಮೂರನೆಯ ಗಂಟೆಗೆ ಅಕ್ಕ ಎತ್ತಿಕೊಂಡಳು. ಕ್ಷೇಮಸಮಾಚಾರಕ್ಕೂ ಮೊದಲು, ಹಾಲಿನ ಅಳತೆ ಹೇಳುವವಳಂತೆ, "ಐವತ್ತೊಂದು ಇದೆ ತಮ್ಮಾ" ಎಂದಳು. ಅವಳ ಮಾತಿನ ಹಿಂದೆ ಜಗಲಿಯ ಮೇಲೆ ಭಾವನ ಊರುಗೋಲಿನ ಸದ್ದು ಕೇಳಿಸುತ್ತಿತ್ತು. ಪೆಟ್ಟಿಗೆಯ ಮೇಲೆ ಅಚ್ಚಾಗುವ ಯಾವ ಸಂಖ್ಯೆಯೂ ನನಗೆ ಆ ಐವತ್ತೊಂದರಷ್ಟು ದೊಡ್ಡದಾಗಿ ಇದುವರೆಗೆ ಕಂಡಿಲ್ಲ.